ತುತ್ತೂರಿ ಮಾವನ ನಾಲಿಗೆ

ಅವಳು ಡಾಕ್ಟರಲ್ಲ. ಮುಂದೆ ಆಗುವವಳಿದ್ದಳು ನಿಜ, ಆದರೆ ಅದು ನಾಡಿ ಹಿಡಿದು ಮಾತ್ರೆ ಬರೆದುಕೊಡುವ ಡಾಕ್ಟರಲ್ಲ. ವರ್ಷಗಟ್ಟಲೆ ಲ್ಯಾಬಿನಲ್ಲಿ ಬೆನ್ನು ಬಗ್ಗಿಸಿ, ಪ್ರಬಂಧ ಬರೆದು, ಹೆಸರಿನ ಮುಂದೆ ಒಂದಕ್ಷರ ಸೇರಿಸಿಕೊಳ್ಳುವ ಡಾಕ್ಟರು. ಈ ವ್ಯತ್ಯಾಸವನ್ನು ಸೋದರಮಾವನಿಗೆ ಅವಳು ಬಿಡಿಸಿ ಬಿಡಿಸಿ ಹೇಳಿದ್ದಳು. ಮಾವ ಕಿವಿಯ ಮೇಲೆ ಹಾಕಿಕೊಂಡರೆ ತಾನೆ! ಅವಳು ಲ್ಯಾಬಿಗೆ ಸೇರಿದ ದಿನವೇ ‘ಡಾಕ್ಟ್ರಮ್ಮ’ ಎಂದು ಕರೆದುಬಿಟ್ಟರು, ಆಮೇಲೆ ಮನೆಮಂದಿಯೆಲ್ಲ ಹಾಗೇ ಕರೆಯತೊಡಗಿದರು. ಬೇಡ ಬೇಡ ಎನ್ನುತ್ತಲೇ ಅವಳಿಗೂ ಒಳಗೊಳಗೆ ಖುಷಿಯಾಗುತ್ತಿತ್ತು.

ಮಾವನ ಬಾಯಿಂದ ಹೊರಟ ಹೆಸರು ಅಂಟದೆ ಇರುವುದು ಕಷ್ಟ, ಏಕೆಂದರೆ ಅದು ಬೀದಿಯ ಆ ತುದಿಗೂ ಕೇಳಿಸುತ್ತಿತ್ತು. ಸಗಟು ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುವುದು ಅವರ ಕೆಲಸ. ಲಾರಿಗಳಿಂದ ಮೂಟೆಗಳು ಇಳಿಯುತ್ತಿದ್ದಂತೆ ಮರದ ಪೆಟ್ಟಿಗೆಯೊಂದರ ಮೇಲೆ ಹತ್ತಿ ನಿಂತು ಶುರುಮಾಡಿದರೆ, ಈರುಳ್ಳಿ, ಆಲೂಗಡ್ಡೆ, ಕೋಸು ಎಲ್ಲ ಖಾಲಿಯಾಗುವ ತನಕ ಬಾಯಿಗೆ ಬಿಡುವಿಲ್ಲ. ಮೈಕು ಹಾಕಿಸಿಕೊಡುತ್ತೇವೆ ಎಂದು ಮಾರುಕಟ್ಟೆಯವರು ಹೇಳಿದಾಗ, ಅದರಿಂದ ನನ್ನ ಧ್ವನಿ ತಗ್ಗುತ್ತದೆ ಎಂದು ಬೇಡವೆಂದಿದ್ದರಂತೆ. ಅಲ್ಲಿ ಅವರನ್ನು ತುತ್ತೂರಿ ಎನ್ನುತ್ತಿದ್ದರು. ಹಾಗಾಗಿ ಅವಳಿಗೆ ಅವರು ತುತ್ತೂರಿ ಮಾವ. ಆ ಹೆಸರನ್ನು ಅವರು ಸನ್ಮಾನದ ಶಾಲಿನ ಹಾಗೆ ಹೊದ್ದುಕೊಂಡು ಓಡಾಡುತ್ತಿದ್ದರು.

ಡಾಕ್ಟ್ರಮ್ಮನ ಕೆಲಸ ಇದಕ್ಕೆ ತದ್ವಿರುದ್ಧ, ಸದ್ದೇ ಇಲ್ಲದ್ದು. ಗಿಡಮರಗಳಿಂದ ಇಳಿಸಿದ ಸುಗಂಧತೈಲಗಳು ಬಾಯಿ ಕ್ಯಾನ್ಸರಿನ ಜೀವಕೋಶಗಳನ್ನು ಕೊಲ್ಲುತ್ತವೆಯೇ ಎಂದು ನೋಡುವುದು. ಪುದೀನ, ದಾಲ್ಚಿನ್ನಿ ಎಲ್ಲ ಮುಗಿದು ಆ ವರ್ಷ ಲವಂಗದೆಣ್ಣೆಗೆ ಬಂದಿದ್ದಳು. ಅಂಗೈಯಗಲದ ಪ್ಲಾಸ್ಟಿಕ್ ಪ್ಲೇಟು, ಅದರ ತುಂಬ ಅಂಗಿಯ ಗುಂಡಿಯಷ್ಟೇ ಅಗಲದ ಗುಳಿಗಳು. ಗುಳಿಯ ತಳದಲ್ಲಿ ಜೀವಕೋಶಗಳು, ಅವುಗಳ ಮೇಲೆ ಅವಕ್ಕೆ ಆಹಾರವಾಗುವ ದ್ರವ, ಆ ದ್ರವದಲ್ಲಿ ಬೆರೆಸಿದ ಚೂರೇ ಚೂರು ಎಣ್ಣೆ. ಒಂದು ದಿನ ಬಿಟ್ಟು ಹಳದಿ ಬಣ್ಣವೊಂದನ್ನು ಹಾಕಿದರೆ, ಕೋಶಗಳು ಬದುಕಿರುವ ಗುಳಿ ನೇರಳೆಯಾಗುತ್ತದೆ. ಸತ್ತಿದ್ದರೆ ಹಳದಿ ಹಳದಿಯಾಗಿಯೇ ಉಳಿಯುತ್ತದೆ.

ಕ್ಯಾನ್ಸರ್ ಕೋಶಗಳನ್ನು ಕೊಲ್ಲುವುದೇನೂ ದೊಡ್ಡಸ್ತಿಕೆಯಲ್ಲ. ಪ್ಲೇಟಿನಲ್ಲಿ ಸೋಪಿನ ನೀರು ಸುರಿದರೂ ಅವು ಸಾಯುತ್ತವೆ. ಆರೋಗ್ಯವಾಗಿರುವ ಕೋಶಗಳನ್ನು ಬಿಟ್ಟು ಕೆಟ್ಟವನ್ನು ಮಾತ್ರ ಕೊಂದರೆ ಆಗ ಅದು ಸುದ್ದಿ. ಅದಕ್ಕಾಗಿ ಅವಳಿಗೆ ಎರಡನೆಯ ಪ್ಲೇಟು ಬೇಕಿತ್ತು, ಒಸಡಿನ ಒಳ್ಳೆಯ ಕೋಶಗಳದ್ದು. ಅವು ಇದ್ದದ್ದು ಕಾರಿಡಾರಿನ ಆಚೆ ತುದಿಯ ಇನ್ನೊಂದು ಲ್ಯಾಬಿನಲ್ಲಿ. ಆ ಲ್ಯಾಬಿನವರು ಬಲು ಜಿಪುಣರು. ಕೋಶಗಳನ್ನು ಹೊರಗೆ ಒಯ್ಯಲು ಬಿಡರು, ಬೇಕಿದ್ದರೆ ನೀನೇ ಇಲ್ಲಿ ಬಂದು ಮಾಡಿಕೊಂಡು ಹೋಗು ಎನ್ನುತ್ತಿದ್ದರು. ಹಾಗಾಗಿ ಅವಳು ಟ್ಯೂಬಿನಲ್ಲಿ ಎಣ್ಣೆ ಬೆರೆಸಿ, ಮೊದಲು ತನ್ನ ಕೋಣೆಯಲ್ಲಿ ಕ್ಯಾನ್ಸರಿನ ಪ್ಲೇಟು ತುಂಬಿ, ಆಮೇಲೆ ಅದೇ ಟ್ಯೂಬನ್ನು ಹಿಡಿದುಕೊಂಡು ಕಾರಿಡಾರಿನುದ್ದ ನಡೆದು ಹೋಗಿ ಒಸಡಿನ ಪ್ಲೇಟು ತುಂಬುತ್ತಿದ್ದಳು. ದಾರಿಯಲ್ಲಿ ಯಾರಾದರೂ ಸಿಕ್ಕರೆ ಮಾತು, ಅಲ್ಲಿ ಜಾಗ ಖಾಲಿ ಇಲ್ಲದಿದ್ದರೆ ಕಾಯುವುದು. ಇದರಲ್ಲಿ ತಪ್ಪೇನಿದೆ ಎಂದು ಅವಳಿಗಾಗಲಿ ಅವಳ ಗೈಡ್ ಮೇಡಂಗಾಗಲಿ ಹೊಳೆದಿರಲಿಲ್ಲ.

ಲವಂಗದೆಣ್ಣೆಯ ಫಲಿತಾಂಶ ಬಂದ ದಿನ ಅವಳು ಕುರ್ಚಿಯಿಂದ ಎದ್ದೇ ನಿಂತಳು. ಕ್ಯಾನ್ಸರಿನ ಪ್ಲೇಟು ಪೂರ್ತಿ ಹಳದಿ, ಒಸಡಿನ ಪ್ಲೇಟು ನೇರಳೆಯೋ ನೇರಳೆ. ಮತ್ತೆ ಮಾಡಿದಳು, ಹಾಗೇ ಬಂತು. ಬಾಯಲ್ಲಿ ಹೊಗಳಿಕೆಯೇ ಬಾರದ ಮೇಡಂ ಕೂಡ ಇದು ಚೆನ್ನಾಗಿದೆ, ಬರೆಯಲು ಶುರುಮಾಡು ಅಂದರು. ಆ ವಾರ ಮಾವನ ಮನೆಯಲ್ಲಿ ಎಲ್ಲರೂ ಊಟಕ್ಕೆ ಸೇರಿದ್ದಾಗ ಅವಳಿಗೆ ಹೊಟ್ಟೆಯಲ್ಲಿ ಮಾತು ನಿಲ್ಲಲಿಲ್ಲ. ಕೆಟ್ಟದ್ದನ್ನು ಮಾತ್ರ ಹುಡುಕಿ ಕೊಲ್ಲುತ್ತದೆ, ಒಳ್ಳೆಯದರ ತಂಟೆಗೇ ಹೋಗುವುದಿಲ್ಲ ಎಂದು ತಟ್ಟೆಯ ಮುಂದೆ ಕೈಯಾಡಿಸಿ ವರ್ಣಿಸಿದಳು. ಅಮ್ಮ ಹೆಮ್ಮೆಯಿಂದ ತನ್ನ ತಮ್ಮನ ಮುಖ ನೋಡಿದಳು. ಮಾಮೂಲಿಯಾಗಿ ಇಂಥ ಮಾತು ಬಂದರೆ ಹಾಸ್ಯ ಮಾಡಿ ತೇಲಿಸುವ ಮಾವ ಅಂದು ಅನ್ನ ಕಲಸುವುದನ್ನು ನಿಲ್ಲಿಸಿ ಕೇಳಿಸಿಕೊಂಡರು. ಯಾವ ಎಣ್ಣೆ, ಅಂಗಡಿಯಲ್ಲಿ ಸಿಗುವುದೇ ಹೌದೋ, ಎಷ್ಟು ಹೊತ್ತಿಗೆ ಸಾಯುತ್ತದೆ ಎಂದು ಕೆದಕಿ ಕೆದಕಿ ವಿಚಾರಿಸಿದರು. ಕೇಳುವವರು ಸಿಕ್ಕರು ಎಂದು ಅವಳು ಉಬ್ಬಿ ಹೋದಳು. ಅತ್ತೆ ಮಾತ್ರ ಅಡುಗೆಮನೆಗೂ ಊಟದ ಕೋಣೆಗೂ ಸುಮ್ಮನೆ ಓಡಾಡುತ್ತಿದ್ದಳು.

ಅತ್ತೆ ಯಾಕೆ ಸುಮ್ಮನಿದ್ದಳು ಎನ್ನುವುದು ಗೊತ್ತಾದದ್ದು ಬಹಳ ತಡವಾಗಿ. ಒಂದು ಮಧ್ಯಾಹ್ನ ಅತ್ತೆಯೇ ಹೇಳದೆ ಕೇಳದೆ ಲ್ಯಾಬಿನ ಗೇಟಿಗೇ ಬಂದು ನಿಂತಿದ್ದಳು. ಮಾವನ ನಾಲಿಗೆಯ ಅಂಚಿನಲ್ಲಿ ಹುಣ್ಣಾಗಿ ವಾಸಿಯಾಗದೆ ಇದ್ದದ್ದು, ಆಸ್ಪತ್ರೆಯಲ್ಲಿ ಚೂರು ತೆಗೆದು ಪರೀಕ್ಷೆ ಮಾಡಿದ್ದು, ಕ್ಯಾನ್ಸರು, ಚಿಕ್ಕದಿದೆ, ನಾಲಿಗೆಯ ಒಂದು ಅಂಚು ಕತ್ತರಿಸಿದರೆ ಸಾಕು ಎಂದು ಸರ್ಜನ್ ಹೇಳಿದ್ದು, ಎಲ್ಲವೂ ಆ ಊಟಕ್ಕೆ ಮುಂಚೆಯೇ ನಡೆದುಹೋಗಿತ್ತು. ಯಾರಿಗೂ ಹೇಳಕೂಡದೆಂದು ಮಾವ ಆಣೆ ಹಾಕಿಸಿಕೊಂಡಿದ್ದರು. ನಾಲಿಗೆಗೆ ಕತ್ತರಿ ಎಂದ ಕೂಡಲೇ ಅವರ ಜೀವ ಅರ್ಧ ಹೋಗಿತ್ತು. ಊಟದ ಮಾರನೆಯ ದಿನವೇ ಔಷಧಿ ಅಂಗಡಿಯಿಂದ ಲವಂಗದೆಣ್ಣೆ ತಂದರಂತೆ. ಅಂದಿನಿಂದ ಹತ್ತಿಯಲ್ಲಿ ಅದ್ದಿ ಅದ್ದಿ ಹಚ್ಚಿಕೊಳ್ಳುವುದು, ಆಸ್ಪತ್ರೆಯ ಮಾತೆತ್ತಿದರೆ ಸಿಡಿದು ಬೀಳುವುದು.

“ನೀನು ಹೇಳಿದ್ದೀಯ ಅನ್ನೋದೊಂದೇ ಮಾತು ಅವರದ್ದು. ನನ್ನ ಮಾತು ಗಾಳಿಗೆ ಹೋಯ್ತು,” ಎಂದಳು ಅತ್ತೆ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಡಾಕ್ಟ್ರಮ್ಮನಿಗೆ ಹೆಚ್ಚು ಚುಚ್ಚಿತು.

ಅಂದೇ ಸಂಜೆ ಅವಳು ಮಾವನ ಎದುರು ಹೋಗಿ ಕೂತಳು. ಮಾವ ಅಳುಕಿಲ್ಲದೆ ನಾಲಿಗೆ ಹೊರಚಾಚಿ ತೋರಿಸಿದರು. ಅಂಚು ಬೆಳ್ಳಗೆ ಸುಟ್ಟ ಹಾಗಿತ್ತು, ಒಳಗೆ ಗಟ್ಟಿಯಾಗಿತ್ತು. ಮೊದಲು ನೀರು ಕುಡಿದರೂ ಉರಿಯುತ್ತಿತ್ತು, ಈಗ ನೋವೇ ಇಲ್ಲ ಎಂದು ಮಾವ ಗೆದ್ದವರ ಹಾಗೆ ನಕ್ಕರು. ಲವಂಗದೆಣ್ಣೆ ಮರಗಟ್ಟಿಸುತ್ತದೆ, ಹಲ್ಲುನೋವಿಗೆ ಇಟ್ಟುಕೊಳ್ಳುವುದಿಲ್ಲವೇ, ಹಾಗೇ ಇದೂ ಎಂದು ಅವಳು ವಿವರಿಸಿದಳು. ಪ್ಲೇಟಿನ ಕೋಶವೇ ಬೇರೆ, ಮೈಯೊಳಗಿನ ಗಡ್ಡೆಯೇ ಬೇರೆ ಎಂದಳು. ಮಾವ ಕೈಯೆತ್ತಿ ತಡೆದು, ಹಾಗಿದ್ದರೆ ನೀನು ಅವತ್ತು ಹೇಳಿದ್ದು ಸುಳ್ಳೋ ಎಂದು ಕೇಳಿದರು. ಸುಳ್ಳಲ್ಲ, ಆದರೆ ಎಂದಳು ಅವಳು. ಆ ‘ಆದರೆ’ಯಿಂದಾಚೆಗೆ ಮಾವ ಕಿವಿಗೊಡಲಿಲ್ಲ. ನಿಜ ಹೇಳಬೇಕೆಂದರೆ ಅವಳ ಮಾತಿನಲ್ಲೂ ಕಸುವಿರಲಿಲ್ಲ. ತನ್ನ ಪ್ಲೇಟುಗಳ ಮೇಲೆ ಅವಳಿಗೂ ಆಸೆಯಿತ್ತು. ಒಂದು ಪಕ್ಷ ವಾಸಿಯಾಗಿಬಿಟ್ಟರೆ ಎಂಬ ಯೋಚನೆ ಬಸ್ಸಿನಲ್ಲಿ ಮನೆಗೆ ಹೋಗುವಾಗ ಬಂತು, ಮತ್ತು ಅವಳು ಅದನ್ನು ಓಡಿಸಲಿಲ್ಲ.

ಇದಾದ ಮೇಲೆ ಒಂದು ಪ್ರಯೋಗದ ದಿನ ಆಚೆ ತುದಿಯ ಲ್ಯಾಬಿನವರು, ಮಧ್ಯಾಹ್ನ ನಮಗೆ ಬೇರೆ ಕೆಲಸವಿದೆ, ಬರುವುದಿದ್ದರೆ ಬೆಳಗ್ಗೆಯೇ ಬಂದು ಮುಗಿಸಿಕೊ ಅಂದರು. ಗೊಣಗಿಕೊಂಡೇ ಅವಳು ಎಣ್ಣೆ ಬೆರೆಸಿ ನೇರ ಅಲ್ಲಿಗೆ ಹೋಗಿ ಒಸಡಿನ ಪ್ಲೇಟನ್ನು ಮೊದಲು ತುಂಬಿದಳು. ಆಮೇಲೆ ತನ್ನ ಕೋಣೆಗೆ ಬಂದು, ಚಹಾ ಕುಡಿದು, ಕ್ಯಾನ್ಸರಿನ ಪ್ಲೇಟನ್ನು ತುಂಬಿದಳು. ಮಾರನೆಯ ದಿನ ಬಣ್ಣ ಹಾಕಿ ನೋಡಿದರೆ ಎಲ್ಲ ಅದಲು ಬದಲಾಗಿತ್ತು. ಒಸಡಿನ ಕೋಶಗಳು ಗುಂಪಿಗೆ ಗುಂಪೇ ಸತ್ತಿದ್ದವು. ಕ್ಯಾನ್ಸರಿನವು ಏನೂ ಆಗದ ಹಾಗೆ ನೇರಳೆ ಬಣ್ಣಕ್ಕೆ ತಿರುಗಿ ಕೂತಿದ್ದವು.

ಮೊದಲು ಪ್ಲೇಟಿನ ಮೇಲಿನ ಚೀಟಿ ಅದಲುಬದಲಾಗಿದೆ ಎಂದುಕೊಂಡಳು. ಆಗಿರಲಿಲ್ಲ. ಆಮೇಲೆ ಟ್ಯೂಬನ್ನು ಎತ್ತಿ ಬೆಳಕಿಗೆ ಹಿಡಿದಳು. ತಳದಲ್ಲಿ, ಪ್ಲಾಸ್ಟಿಕ್ಕಿಗೆ ಅಂಟಿಕೊಂಡು, ಎಣ್ಣೆಯ ಸಣ್ಣ ಹನಿಗಳು ಕೂತಿದ್ದವು. ಲವಂಗದೆಣ್ಣೆ ನೀರಿನಲ್ಲಿ ಕೂಡಿಕೊಂಡಂತೆ ನಟಿಸುತ್ತದೆ ಅಷ್ಟೇ. ನೀರಿಗಿಂತ ಭಾರವಾದ್ದರಿಂದ ಬಿಟ್ಟರೆ ತಳಕ್ಕಿಳಿಯುತ್ತದೆ, ಮುಚ್ಚಳ ತೆರೆದಿಟ್ಟರೆ ಒಂದಿಷ್ಟು ಗಾಳಿಗೂ ಹೋಗುತ್ತದೆ. ಮೊದಲು ತುಂಬಿದ ಪ್ಲೇಟಿಗೆ ಎಣ್ಣೆ, ಕಾದು ತುಂಬಿದ ಪ್ಲೇಟಿಗೆ ಬಹುಮಟ್ಟಿಗೆ ಬರೀ ದ್ರವ. ಎಣ್ಣೆ ಒಳ್ಳೆಯದನ್ನು ಬಿಟ್ಟು ಕೆಟ್ಟದ್ದನ್ನು ಹುಡುಕಿ ಕೊಂದಿರಲಿಲ್ಲ. ಮೊದಲು ಸಿಕ್ಕಿದ್ದನ್ನು ಕೊಂದಿತ್ತು.

ಮೇಡಂ ಎಲ್ಲವನ್ನೂ ಕೇಳಿ, ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಪ್ರತಿ ಸಲ ಹೊಸದಾಗಿ ಬೆರೆಸಿ, ಚೆನ್ನಾಗಿ ಕುಲುಕಿ, ಮತ್ತೆ ಮಾಡು. ಅಲ್ಲಿಯವರೆಗೆ ಪ್ರಬಂಧ ಅಲ್ಲೇ ಇರಲಿ, ಯಾರಿಗೂ ಏನೂ ಹೇಳಲು ಹೋಗಬೇಡ ಎಂದರು. ನ್ಯಾಯವಾದ ಮಾತೇ. ಆದರೆ ಅವಳು ಹೇಳದೆ ಇರುವ ಹಾಗಿರಲಿಲ್ಲ. ತನ್ನ ಮಾತು ಮಾವನ ಬಾಯೊಳಗೆ ಕೂತಿದೆ ಎಂದು ಮೇಡಂಗೆ ಹೇಳಿ, ಅವರ ಉತ್ತರಕ್ಕೂ ಕಾಯದೆ ಮಾರುಕಟ್ಟೆಗೆ ಹೊರಟಳು.

ಹರಾಜು ಮುಗಿಯುವ ಹೊತ್ತು. ಮಾವ ಪೆಟ್ಟಿಗೆಯ ಮೇಲೆ ನಿಂತು ಕೊನೆಯ ಕೋಸಿನ ರಾಶಿ ಕೂಗುತ್ತಿದ್ದರು. ಹಿಂದಿನ ಸಲಕ್ಕಿಂತ ಮಾತು ಒಂಚೂರು ತೊದಲುತ್ತಿದೆ ಎಂದು ಅವಳಿಗೆ ಸ್ಪಷ್ಟವಾಗಿ ಕೇಳಿಸಿತು. ಸುತ್ತ ನಿಂತ ವ್ಯಾಪಾರಿಗಳಿಗೆ ಕೇಳಿಸಿತೋ ಇಲ್ಲವೋ. ಇಳಿದು ಬಂದವರನ್ನು ಖಾಲಿ ಮೂಟೆಗಳ ಹಿಂದಕ್ಕೆ ಕರೆದುಕೊಂಡು ಹೋಗಿ ಟ್ಯೂಬು, ಕಾರಿಡಾರು, ಚಹಾ ಎಲ್ಲವನ್ನೂ ಒಂದೂ ಬಿಡದೆ ಹೇಳಿದಳು. ಹೇಳುತ್ತಲೇ ಕಣ್ಣೊರೆಸಿಕೊಂಡಳು. ಮಾವ ಕರವಸ್ತ್ರದಲ್ಲಿ ಕತ್ತು ಒರೆಸಿಕೊಳ್ಳುತ್ತ ಸಾವಧಾನವಾಗಿ ಕೇಳಿದರು.

“ನಿಮ್ಮತ್ತೆ ಹೇಳಿಕೊಟ್ಲಾ ಇದನ್ನ?”

“ಇಲ್ಲ ಮಾವ. ನನ್ನದೇ ತಪ್ಪು. ಅದು ಒಳ್ಳೇದನ್ನೂ ಕೊಲ್ಲುತ್ತೆ.”

“ನೋಡು, ಅವತ್ತು ಊಟಕ್ಕೆ ಕೂತಾಗ ನನ್ನ ಕಾಯಿಲೆ ನಿನಗೆ ಗೊತ್ತಿರ್ಲಿಲ್ಲ. ಗೊತ್ತಿಲ್ದೆ ಹೇಳಿದ್ದು ನಿಜದ ಮಾತು. ಈಗ ಗೊತ್ತಾಗಿದೆ, ನನ್ನ ಆಸ್ಪತ್ರೆಗೆ ಸಾಗಿಸ್ಬೇಕು, ಅದಕ್ಕೊಂದು ಕತೆ ಕಟ್ಟಿಕೊಂಡು ಬಂದಿದೀಯ. ಮಾಲು ಬೇಕಾದವನೇ ಬಂದು, ಬೆಲೆ ಇಳಿಸೋಕೆ ಕೊಳೆತಿದೆ ಅನ್ನೋದನ್ನ ನಾನು ದಿನಾ ನೋಡ್ತೀನಿ ಕಣೆ.”

ಅವಳು ಏನು ಹೇಳಿದರೂ ಅವರು ಜಗ್ಗಲಿಲ್ಲ. ತಾನು ಉಬ್ಬಿ ಹೇಳಿದ್ದನ್ನು ಒಂದೇ ಸಲಕ್ಕೆ ನಂಬಿದ ಮನುಷ್ಯ, ತಾನು ಅತ್ತು ಹೇಳುತ್ತಿರುವುದನ್ನು ನಂಬುತ್ತಿಲ್ಲವಲ್ಲ ಎಂದು ಅವಳಿಗೆ ಕೋಪ ಬಂತು, ಮಾವನ ಮೇಲಲ್ಲ, ತನ್ನ ಮೇಲೆಯೇ. ಕೊನೆಗೆ, ಮಾತು ಬೇಡ, ನೀವೇ ಬಂದು ನೋಡಿ, ನಿಮ್ಮೆದುರಿಗೇ ಮಾಡುತ್ತೇನೆ ಎಂದಳು. ಕಣ್ಣಾರೆ ನೋಡದೆ ಒಂದು ಮೂಟೆಗೂ ಬೆಲೆ ಕಟ್ಟದ ಮಾವ, ನೋಡಲು ಕರೆದರೆ ಇಲ್ಲ ಎನ್ನುವಂತಿರಲಿಲ್ಲ. ಬರುತ್ತೇನೆ ಅಂದರು.

ಮೇಡಂ ಆಗಲಿ ಎಂದರು. ಮಾವನಿಗೆ ಒಂದು ಬಿಳಿಯ ಕೋಟು ಕೊಡಿಸಿ, ಏನನ್ನೂ ಮುಟ್ಟಬಾರದೆಂದು ಕಟ್ಟಪ್ಪಣೆ ಮಾಡಿದರು. ಆಚೆ ಲ್ಯಾಬಿನವರ ಹತ್ತಿರ ಅವರೇ ಹೋಗಿ ಮಾತಾಡಿ, ಅದೊಂದು ಸಲ ಎರಡೂ ಪ್ಲೇಟುಗಳು ಒಂದೇ ಮೇಜಿನ ಮೇಲೆ ಇರುವಂತೆ ಮಾಡಿದರು. ಕೋಟು ಮಾವನ ಹೊಟ್ಟೆಯ ಮೇಲೆ ಕೂಡಿಕೊಳ್ಳಲಿಲ್ಲ. ಅವರು ಬಂದದ್ದೇ ಜೇಬಿನಿಂದ ಮೂಟೆಗಳಿಗೆ ಗುರುತು ಹಾಕುವ ದಪ್ಪನೆಯ ಪೆನ್ನು ತೆಗೆದು, ಎರಡೂ ಪ್ಲೇಟುಗಳ ಮುಚ್ಚಳದ ಮೇಲೆ ತಮ್ಮದೇ ಗುರುತು ಎಳೆದರು, ಒಳ್ಳೆಯದಕ್ಕೆ ಸುತ್ತು, ಕೆಟ್ಟದ್ದಕ್ಕೆ ಕತ್ತರಿ. ಹಿಂದಿನಿಂದ ಯಾರೂ ಬದಲಾಯಿಸಬಾರದು ನೋಡಿ ಎಂದು ಮೇಡಂ ಕಡೆ ತಿರುಗಿ ಸಮಜಾಯಿಷಿ ಕೊಟ್ಟರು. ಮೇಡಂ ನಗದೆ ತಲೆಯಾಡಿಸಿದರು.

ಡಾಕ್ಟ್ರಮ್ಮ ಒಂದೊಂದು ಗುಳಿಗೂ ಮುಂಚೆ ಟ್ಯೂಬನ್ನು ಕುಲುಕಿದಳು. ಯಾವ ಪ್ಲೇಟಿಗೆ ಮೊದಲು ಎಂಬುದನ್ನು ಮಾವನೇ ಹೇಳಿದರು; ಒಮ್ಮೆ ಇದಕ್ಕೆ, ಒಮ್ಮೆ ಅದಕ್ಕೆ, ಮಾರುಕಟ್ಟೆಯಲ್ಲಿ ಕೂಗುವವರನ್ನು ಬೆರಳು ಮಾಡಿ ತೋರಿಸುವ ಹಾಗೆ ತೋರಿಸುತ್ತ ಹೋದರು. ಪ್ರತಿ ಪ್ಲೇಟಿನ ಒಂದು ಸಾಲಿಗೆ ಎಣ್ಣೆ ಹಾಕದೆ ಬಿಟ್ಟಳು, ಕೋಶಗಳು ಮೊದಲಿಂದಲೇ ಸತ್ತಿರಲಿಲ್ಲ ಎಂದು ತೋರಿಸಲು. ಮೈಬಿಸಿಯಲ್ಲಿ ಕಾಪಿಡುವ ಪೆಟ್ಟಿಗೆಯೊಳಗೆ ಪ್ಲೇಟುಗಳು ಹೋದವು. ಪೆಟ್ಟಿಗೆಗೆ ಬೀಗವಿಲ್ಲವೇ ಎಂದು ಮಾವ ಕೇಳಿದರು.

ಮಾರನೆಯ ದಿನ ಹರಾಜು ಮುಗಿಸಿ, ಊಟವನ್ನೂ ಮಾಡದೆ ಬಂದರು. ಅವಳು ಅವರೆದುರೇ ಹಳದಿ ಬಣ್ಣ ಹಾಕಿದಳು. ಬಣ್ಣ ತಿರುಗಲು ಹೊತ್ತು ಹಿಡಿಯುತ್ತದೆ, ಹೊರಗೆ ಹೋಗಿ ಏನಾದರೂ ತಿಂದು ಬನ್ನಿ ಎಂದರೂ ಹೋಗಲಿಲ್ಲ. ಸ್ಟೂಲಿನ ಮೇಲೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತರು. ಮಾತಿನ ಮಲ್ಲ ಅಷ್ಟು ಹೊತ್ತು ಬಾಯಿಗೆ ಬೀಗ ಹಾಕಿ ಕೂತದ್ದನ್ನು ಅವಳು ಅದೇ ಮೊದಲ ಸಲ ನೋಡಿದ್ದು.

ಎಣ್ಣೆ ಹಾಕದ ಸಾಲುಗಳು ಎರಡರಲ್ಲೂ ಕಡುನೇರಳೆಯಾದವು. ಮಿಕ್ಕದ್ದೆಲ್ಲ, ಸುತ್ತಿನ ಗುರುತಿದ್ದದ್ದರಲ್ಲೂ ಕತ್ತರಿಯ ಗುರುತಿದ್ದದ್ದರಲ್ಲೂ, ಹಳದಿಯಾಗಿಯೇ ಉಳಿಯಿತು. ಮಾವ ಮುಚ್ಚಳದ ಮೇಲಿನ ತಮ್ಮ ಗುರುತನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದರು. ಪ್ಲೇಟುಗಳನ್ನು ಅಕ್ಕಪಕ್ಕ ಇಟ್ಟು ನೋಡಿದರು, ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಮುಟ್ಟಬಾರದು ಎಂದಿದ್ದ ಮೇಡಂ ಬಾಗಿಲಲ್ಲಿ ನಿಂತಿದ್ದರೂ ತಡೆಯಲಿಲ್ಲ.

“ಹಾಗಾದ್ರೆ ಇಷ್ಟು ದಿನ ನನ್ನ ನಾಲಿಗೆ ಮೇಲೆ ಸತ್ತಿದ್ದೇನು?”

“ನೋವು, ಮಾವ. ನೋವು ಮಾತ್ರ.”

ಮಾವ ಪ್ಲೇಟನ್ನು ಕೆಳಗಿಟ್ಟರು. ಮುಖ ಕಪ್ಪಿಟ್ಟಿತ್ತು. ಅವಳು ಬೈಗುಳಕ್ಕೆ ಕಾದಳು, ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವರು ಕೋಟು ಬಿಚ್ಚಿ, ಮಡಿಸಿ, ಸ್ಟೂಲಿನ ಮೇಲಿಟ್ಟು, ನಾಳೆ ಆಸ್ಪತ್ರೆಗೆ ನೀನೂ ಬರುತ್ತೀಯಾ ಎಂದು ಕೇಳಿದರು. ಬರುತ್ತೇನೆ ಎಂದಳು.

ಸರ್ಜನ್ ವಯಸ್ಸಾದ, ಸಿಡುಕಿನ ಮನುಷ್ಯ. ದೀಪ ಹಿಡಿದು ಮಾವನ ಬಾಯೊಳಗೆ ನೋಡುತ್ತ ನೋಡುತ್ತ ಅವರ ಹುಬ್ಬು ಗಂಟಿಕ್ಕಿತು. ಕತ್ತನ್ನು ಒತ್ತಿ ನೋಡಿದರು, ಸ್ಕ್ಯಾನ್ ಮಾಡಿಸಿದರು. ಗಡ್ಡೆ ಬೆಳೆದಿತ್ತು, ಕತ್ತಿನಲ್ಲೂ ಒಂದು ಗಂಟು ಕಾಣಿಸಿಕೊಂಡಿತ್ತು. ಮೊದಲು ಬಂದಿದ್ದರೆ ಅಂಚು ತೆಗೆದರೆ ಮುಗಿಯುತ್ತಿತ್ತು, ಒಂದಿಷ್ಟು ದಿನದಲ್ಲಿ ಪೆಟ್ಟಿಗೆ ಹತ್ತಿ ಕೂಗಬಹುದಿತ್ತು. ಈಗ ಹೆಚ್ಚುಕಡಿಮೆ ಅರ್ಧ ನಾಲಿಗೆ ಹೋಗುತ್ತದೆ, ಜೀವ ಉಳಿಸುವುದರ ಬಗ್ಗೆ ಯೋಚಿಸೋಣ, ಕೂಗುವ ಕೆಲಸದ ಆಸೆ ಬಿಟ್ಟುಬಿಡಿ ಎಂದರು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡಳು.

“ಇಲ್ಲಿ ಸುಟ್ಟ ಗಾಯ ಇದೆ. ಏನೋ ಹಚ್ಚಿದೀರಿ. ಯಾವ ನಕಲಿ ವೈದ್ಯ ಹೇಳಿದ್ದು ನಿಮಗೆ ಇದನ್ನ?” ಎಂದು ಸರ್ಜನ್ ಗದರಿಸಿದರು.

ಅವಳು ಬಾಯಿ ತೆರೆಯುವಷ್ಟರಲ್ಲಿ ಮಾವ ಅವಳ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡರು. “ಯಾರೂ ಹೇಳ್ಲಿಲ್ಲ ಸಾರ್. ಕತ್ತರಿ ಅಂದ್ರೆ ಹೆದರಿಕೆ ಆಯ್ತು. ನಾನೇ ಹಚ್ಕೊಂಡೆ.” ತೊದಲುತ್ತಿದ್ದರೂ ಅದು ಮಾರುಕಟ್ಟೆಯ ಧ್ವನಿಯೇ. ಹೊರಗೆ ಸಾಲಿನಲ್ಲಿ ಕೂತವರಿಗೂ ಕೇಳಿಸಿರಬೇಕು. ಕೈ ಬಿಡಿಸಿಕೊಳ್ಳಲು ಅವಳಿಂದ ಆಗಲಿಲ್ಲ, ಅಲ್ಲಿ ಅವಳು ಸುಮ್ಮನಾದಳು.

ಆಪರೇಷನ್ ಬೆಳಗಿನಿಂದ ಸಂಜೆಯವರೆಗೂ ನಡೆಯಿತು. ತೊಡೆಯಿಂದ ಚರ್ಮ, ಮಾಂಸ ತೆಗೆದು ನಾಲಿಗೆಯ ಜಾಗ ತುಂಬಿದರು. ಮಾವನ ಜೀವಕ್ಕೆ ಅಪಾಯವಿಲ್ಲ, ಗಡ್ಡೆಯನ್ನು ಪೂರ್ತಿ ತೆಗೆದಿದ್ದಾರೆ ಎಂದು ನರ್ಸು ಬಂದು ಹೇಳಿದಾಗ ಅತ್ತೆಯೂ ಅಮ್ಮನೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು. ಡಾಕ್ಟ್ರಮ್ಮ ಅವರೊಡನೆ ಅಳಲಿಲ್ಲ. ಅವಳು ಕಾಯುತ್ತಿದ್ದದ್ದು ಸರ್ಜನ್‌ಗಾಗಿ. ಅವರು ಕೈ ಒರೆಸಿಕೊಳ್ಳುತ್ತ ಕಾರಿಡಾರಿಗೆ ಬಂದದ್ದೇ ಎದುರಿಗೆ ಹೋಗಿ ನಿಂತಳು. ಒಂದೇ ಉಸಿರಿಗೆ, ಆ ಎಣ್ಣೆ ಹಚ್ಚಲು ಕಾರಣ ತಾನು, ತಾನು ಸುಗಂಧತೈಲಗಳ ಮೇಲೆ ಸಂಶೋಧನೆ ಮಾಡುವವಳು, ತನ್ನ ಪ್ರಯೋಗ ತಪ್ಪಿತ್ತು, ಆ ತಪ್ಪನ್ನು ಮನೆಯಲ್ಲಿ ನಿಜವೆಂದು ಹೇಳಿದ್ದೆ ಎಂದು ಒಪ್ಪಿಕೊಂಡಳು. ಬೈಯಲಿ, ಎಲ್ಲರೆದುರೇ ನೀರಿಳಿಸಲಿ ಎಂದು ತಲೆ ತಗ್ಗಿಸಿ ನಿಂತಳು.

ಸರ್ಜನ್‌ರ ಸಿಡುಕೆಲ್ಲ ದಿನವಿಡೀ ನಿಂತ ಆಯಾಸದಲ್ಲಿ ಕರಗಿಹೋಗಿತ್ತು.

“ನೀವು ಬಂದು ಹೀಗೆ ಹೇಳ್ತೀರಿ ಅಂತ ನಿಮ್ಮ ಮಾವ ಆಗ್ಲೇ ಹೇಳಿದ್ರು. ಅರಿವಳಿಕೆ ಕೊಡೋಕೆ ಮುಂಚೆ. ನಮ್ಮಕ್ಕನ ಮಗಳು ಬರ್ತಾಳೆ, ತಪ್ಪೆಲ್ಲ ತನ್ನದೇ ಅಂತಾಳೆ, ಅವಳ ಮಾತು ನಂಬಬೇಡಿ ಅಂದ್ರು.”

ಮತ್ತೇನಾದರೂ ಹೇಳಿದರೇ ಎಂದು ಅವಳು ಕೇಳಿದಳು.

“ಇಲ್ಲ, ಅಷ್ಟೇ. ಆಮೇಲೆ ಮಲಗಿಸಿದ್ವಿ,” ಎಂದು ಸರ್ಜನ್ ಮುಂದೆ ನಡೆದರು. ಅವಳು ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂತು, ಹೋಗಿಬರುವವರು ನೋಡುತ್ತಾರೆಂಬ ಸಂಕೋಚವನ್ನೂ ಬಿಟ್ಟು, ಬಿಕ್ಕಿ ಬಿಕ್ಕಿ ಅತ್ತಳು.